ಎಡ ಅಂಚು ಮೇಲೆ

‘ಮೊದಲಿಗೆ ಕ್ಷಮೆ ಕೇಳುತ್ತೇನೆ. ಮಿನೊಶಿಮಾ ಮೇಷ್ಟ್ರ ಬಗ್ಗೆ ಮಾತಾಡಲು ನನಗಿಂತ ಯೋಗ್ಯರು ಇಲ್ಲಿ ಬಹಳ ಜನ ಇದ್ದಾರೆ...’

ಚಿಗುಸಾ ತಾನು ಬರೆದುಕೊಂಡು ಬಂದಿದ್ದ ಶ್ರದ್ಧಾಂಜಲಿಯ ಹಾಳೆಯನ್ನು ತುಟಿಯಲ್ಲೇ ಓದಿಕೊಳ್ಳುತ್ತ, ತೀರಿಹೋದ ಮೇಷ್ಟ್ರ ಲೇಖನಿಯಿಂದ ನಿಬ್ಬನ್ನು ಎಳೆಯುತ್ತಿದ್ದಳು. ಅದು ಬರುತ್ತಿರಲಿಲ್ಲ. ಹಿಡಿಕೆಯ ಬಾಯಲ್ಲಿ ಶಾಯಿ ಕಲ್ಲಿನಂತೆ ಗಟ್ಟಿಯಾಗಿ ನಿಬ್ಬನ್ನು ಕಚ್ಚಿಕೊಂಡಿತ್ತು. ಶವಪೆಟ್ಟಿಗೆಯೊಳಗೆ ಲೋಹ ಇಡಬಾರದು, ಮರದ ಹಿಡಿಕೆಯಾದರೆ ಇಡಬಹುದು ಎಂದು ಅಂತ್ಯಕ್ರಿಯೆಯ ಭವನದವರು ಆಗಲೇ ಹೇಳಿಹೋಗಿದ್ದರು. ದಪ್ಪ ಪುಸ್ತಕಗಳೂ ಬೇಡವಂತೆ. ಸರಿಯಾಗಿ ಸುಡುವುದಿಲ್ಲವಂತೆ.

"ಕೇಳಿದ್ಯಾ?" ಎಂದ ಪಕ್ಕದಲ್ಲಿ ಚಹಾ ಹಿಡಿದು ಕೂತಿದ್ದ ಒಗುಶಿ. ಮೇಷ್ಟ್ರ ಚಿತ್ರಕಥೆಯ ಪುಸ್ತಕಗಳನ್ನು ಅಚ್ಚು ಹಾಕಿಸುತ್ತಿದ್ದ ಸಂಪಾದಕ ಅವನು. "ನಲವತ್ತೊಂದು ಪುಸ್ತಕ ಮಾಡಿದ ಮನುಷ್ಯ. ಒಂದನ್ನೂ ಜೊತೆಗೆ ಒಯ್ಯೋ ಹಾಗಿಲ್ಲ."

"ಬಿಡಿ, ಅವರಿಗೆ ತಮ್ಮ ಪುಸ್ತಕ ಓದೋಕೇ ಆಗ್ತಿರ್ಲಿಲ್ಲ. ತಪ್ಪು ಕಾಣುತ್ತೆ ಅಂತಿದ್ರು."

ನಿಬ್ಬು ಟಕ್ಕೆಂದು ಕಳಚಿತು. ಚಿಗುಸಾ ಅದನ್ನು ಕರವಸ್ತ್ರದಲ್ಲಿ ಸುತ್ತಿ ಕಿಮೊನೊದ ಸೊಂಟಪಟ್ಟಿಯೊಳಗೆ ಸಿಕ್ಕಿಸಿಕೊಂಡಳು.

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಫುಸಾಎ ಬಂದರು. ಎಪ್ಪತ್ತಾರರ ಹೆಂಗಸು, ಅತ್ತಿರಲಿಲ್ಲ. ಕಂದು ಲಕೋಟೆಯೊಂದನ್ನು ಚಿಗುಸಾಳ ಮಡಿಲಿಗೆ ಹಾಕಿದರು.

"ಕೊನೇ ಹದಿನಾರು ಪುಟ. ಹೂವಿಡೋ ಹೊತ್ತಿಗೆ ಅವರ ಎದೆ ಮೇಲೆ ಇಟ್ಟುಬಿಡು."

"ಅಮ್ಮಾವ್ರೆ, ಇದು..."

"ಅರ್ಧ ಕೆಲಸ. ಅರ್ಧ ಕೆಲಸ ನಾಲ್ಕು ಜನರಿಗೆ ತೋರಿಸೋದು ಅಂದ್ರೆ ಚಡ್ಡಿ ಇಲ್ದೆ ಬೀದಿಗೆ ಬಂದ ಹಾಗೆ ಅಂತಿದ್ರು. ಇಷ್ಟು ಹಾಳೆ ಸುಡುತ್ತಂತೆ, ಕೇಳ್ಕೊಂಡು ಬಂದೆ."

ಫುಸಾಎ ಹೋದಮೇಲೆ ಒಗುಶಿ ದನಿ ತಗ್ಗಿಸಿದ. "ನೂರಾ ನಲವತ್ತು ಪುಟ ಮುಗಿದು ನನ್ನ ಬೀರುವಿನಲ್ಲಿದೆ. ಈ ಹದಿನಾರು ಹೋದ್ರೆ ಪುಸ್ತಕವೇ ಇಲ್ಲ. ನೀನು ಮುಗಿಸು."

"ನಾನಾ? ನಾನು ಚಾವಣಿ ಬರೆಯೋಳು ಒಗುಶಿ ಅವ್ರೆ. ಚಾವಣಿ, ಬೇಲಿ, ಮಳೆ. ಮುಖಗಳೆಲ್ಲ ಮೇಷ್ಟ್ರದು."

"ಮೂವತ್ತು ವರ್ಷ ಪಕ್ಕದಲ್ಲಿ ಕೂತು ಏನು ನೋಡ್ತಿದ್ದೆ ಮತ್ತೆ? ಚಾವಣೀನಾ?"

ಚಿಗುಸಾ ಲಕೋಟೆ ಬಿಚ್ಚಿದಳು. ಅಭ್ಯಾಸಬಲದಿಂದ, ಪುಟಗಳಲ್ಲಿದ್ದ ಪ್ರತಿಯೊಬ್ಬರ ಎದೆಯ ಮೇಲಿನ ಬಟ್ಟೆಯಂಚಿಗೂ ಬೆರಳಿಡುತ್ತ ಬಂದಳು. ಎಡ ಮೇಲೆ. ಎಡ ಮೇಲೆ. ಎಡ ಮೇಲೆ. ಕೊನೆಯ ಪುಟದಲ್ಲಿ ಬೆರಳು ನಿಂತಿತು.

*

ನದಿಯ ಪಕ್ಕದಲ್ಲಿದ್ದ ಮೇಷ್ಟ್ರ ಮನೆಯ ಮಹಡಿಗೆ ಚಿಗುಸಾ ಕೆಲಸಕ್ಕೆ ಬಂದಾಗ ಅವಳಿಗೆ ಇಪ್ಪತ್ತೊಂದು. ಮೇಷ್ಟ್ರ ಕೆಲಸವೆಂದರೆ ಹಳೆಯ ಚರಿತ್ರೆಯನ್ನೂ ಹಳೆಯ ಕಥನಗಳನ್ನೂ ಶಾಲೆಯ ಮಕ್ಕಳಿಗೆಂದು ಮಾಂಗಾ ಎಂಬ ಚಿತ್ರಕಥೆಗಳಾಗಿ ಮಾಡುವುದು. ಅಂಗಡಿಯಲ್ಲಿ ರಾಶಿ ಬಿದ್ದು ಮಾರಾಟವಾಗುವ ಜಾತಿಯವಲ್ಲ. ಶಾಲೆಯ ಗ್ರಂಥಾಲಯದಲ್ಲಿ ಬೆನ್ನು ಹರಿದು, ಅಂಟುಪಟ್ಟಿ ಹಚ್ಚಿಸಿಕೊಂಡು ನಿಂತಿರುವ ಪುಸ್ತಕಗಳು. ಅವುಗಳ ಮೇಲಿನ ಹೆಸರನ್ನು ಯಾವ ಮಗುವೂ ಓದುವುದಿಲ್ಲ.

"ಸಾವಿರ ವರ್ಷದ ಹಿಂದಿನವರು ಅಂತ ಬೊಂಬೆ ಮಾಡಬೇಡ" ಎನ್ನುತ್ತಿದ್ದರು ಮೇಷ್ಟ್ರು. "ಅವರಿಗೂ ನೆಗಡಿ ಆಗ್ತಿತ್ತು. ಮೂಗು ಸೀಟೋದನ್ನ ಬರಿ."

ಅವಳಿಗೆ ಇಪ್ಪತ್ತೊಂಬತ್ತಾಗಿದ್ದಾಗ ಒಂದು ತಪ್ಪು ನಡೆಯಿತು. ಅರಮನೆಯ ಹೆಂಗಸೊಬ್ಬಳು ಹಿಮ ನೋಡುತ್ತ ನಗುವ ಚಿತ್ರ. ಅವಳು ಬಲಕ್ಕೆ ನೋಡುತ್ತಿದ್ದಳು, ಎಡಕ್ಕೆ ನೋಡಬೇಕಿತ್ತು. ಹೊತ್ತು ಮೀರಿತ್ತು, ಮೇಷ್ಟ್ರು ಮಲಗಿದ್ದರು. ಚಿಗುಸಾ ಹಾಳೆಯನ್ನು ಮಗುಚಿ ದೀಪದ ಗಾಜಿನ ಮೇಲಿಟ್ಟು, ಹಿಂದಿನಿಂದ ಕಂಡ ಗೆರೆಗಳನ್ನೇ ಹೊಸ ಹಾಳೆಗೆ ಇಳಿಸಿಕೊಂಡಳು. ಚಿತ್ರ ಸೊಗಸಾಗಿ ಬಂತು, ಅಚ್ಚೂ ಆಯಿತು. ಚಿತ್ರ ಮಗುಚಿದಾಗ, ಎದೆಯ ಮೇಲೆ ಒಂದರ ಮೇಲೊಂದು ಬರುವ ಕಿಮೊನೊದ ಅಂಚೂ ಮಗುಚಿತ್ತು. ಬದುಕಿದವರಿಗೆ ಎಡ ಅಂಚು ಮೇಲೆ ಬರಬೇಕು. ಬಲ ಅಂಚು ಮೇಲೆ ಬರುವುದು ಹೆಣಕ್ಕೆ ಉಡಿಸುವಾಗ ಮಾತ್ರ.

ಮೂರನೆಯ ತರಗತಿಯ ಹುಡುಗಿಯೊಬ್ಬಳು ಕಾಗದ ಬರೆದಳು: ‘ಐವತ್ತೆರಡನೇ ಪುಟದಲ್ಲಿ ಈ ಅಕ್ಕ ಸತ್ತುಹೋಗಿದ್ದಾಳೆ. ಆದರೂ ಯಾಕೆ ನಗುತ್ತಿದ್ದಾಳೆ?’

ಚಿಗುಸಾ ಕೆಲಸ ಬಿಡುತ್ತೇನೆಂದು ಬಟ್ಟೆ ಕಟ್ಟಿಕೊಂಡು ನಿಂತಳು. ಮೇಷ್ಟ್ರು ತಲೆ ಎತ್ತದೆ ಆ ಹುಡುಗಿಗೆ ಉತ್ತರ ಬರೆಯುತ್ತಿದ್ದರು: ‘ಅಕ್ಕ ಸತ್ತಿಲ್ಲ. ಚಿತ್ರ ಬರೆದ ತಾತ ಗಡಿಬಿಡಿಯಲ್ಲಿ ಬಟ್ಟೆ ತಪ್ಪಾಗಿ ಉಡಿಸಿದ. ನೀನು ನೋಡಿದ್ದರಿಂದ ಅವಳು ಬದುಕಿದಳು.’

"ಬರೆದದ್ದು ನಾನು ಮೇಷ್ಟ್ರೆ."

"ಪುಸ್ತಕದ ಮೇಲೆ ಹೆಸರು ಯಾರದು? ನನ್ನದು. ಹಾಗಾದ್ರೆ ತಪ್ಪೂ ನನ್ನದೇ. ನಿಂಗೆ ಪುಕ್ಕಟೆ ಕೊಡೋಕಾಗಲ್ಲ." ಆಮೇಲೆ ಕಾಗದ ಮಡಿಸುತ್ತ ಹೇಳಿದರು, "ಇವತ್ತಿಂದ ಅಂಚು ನೋಡೋದು ನಿನ್ನ ಕೆಲಸ. ನೀನು ನೋಡದೆ ಒಂದು ಪುಟವೂ ಈ ಮನೆ ಬಿಟ್ಟು ಹೋಗಬಾರದು."

*

ಕೊನೆಯ ಪುಸ್ತಕದ ಮೂಲ, ದೋಣಿಯವನೊಬ್ಬನ ಹೆಂಡತಿ ಇನ್ನೂರು ವರ್ಷಗಳ ಹಿಂದೆ ಬರೆದಿಟ್ಟ ದಿನಚರಿ. ನೆರೆ ಬಂದ ವರ್ಷದ್ದು. ಅಕ್ಕಿ ನೆನೆದದ್ದು, ಹಾವು ಮನೆಗೆ ಬಂದದ್ದು, ಗಂಡ ಬೈದದ್ದು ಎಲ್ಲವೂ ಅದರಲ್ಲಿದ್ದವು. ‘ನೀರು ಇಳಿಯಿತು. ಬಟ್ಟೆ ಒಗೆದು ಹಾಕಿದೆ’ ಎಂಬಲ್ಲಿಗೆ ದಿನಚರಿ ನಿಂತಿತ್ತು. ಆ ವಾರವೇ ಊರಿಗೆ ಬೇನೆ ಬಂತಂತೆ. ಅವಳು ಉಳಿದಳೋ ಇಲ್ಲವೋ ಯಾವ ದಾಖಲೆಯಲ್ಲೂ ಇರಲಿಲ್ಲ.

ಮೇಷ್ಟ್ರ ಕೊನೆಯ ಪುಟದಲ್ಲಿ ಅವಳು ಬಟ್ಟೆ ಒಣಹಾಕುತ್ತಿದ್ದಳು. ಬರೀ ಸೀಸದ ಗೆರೆ. ಮುಖ ಇನ್ನೂ ಒಂದು ದುಂಡು, ಅದರ ಮೇಲೊಂದು ಅಡ್ಡಗೆರೆ, ಅಷ್ಟೆ. ಅಂಚು ಮಾತ್ರ ಸ್ಪಷ್ಟವಾಗಿತ್ತು: ಬಲ ಮೇಲೆ.

ತಪ್ಪೋ? ಅಥವಾ ಅವಳು ಉಳಿಯಲಿಲ್ಲವೆಂದು ಮೇಷ್ಟ್ರು ತೀರ್ಮಾನಿಸಿದ್ದರೋ?

ಭಿಕ್ಷುವಿನ ಮಂತ್ರ ಮುಗಿದು ಚಿಗುಸಾಳ ಸರದಿ ಬಂದಾಗಲೂ ಅವಳ ತಲೆಯಲ್ಲಿ ಅದೇ ಸುತ್ತುತ್ತಿತ್ತು. ಕ್ಷಮೆಯ ಸಾಲನ್ನು ಓದಿದಳು. ಮುಂದಿನ ಅಕ್ಷರಗಳು ಮಸುಕಾದವು. ಹಾಳೆ ಮಡಿಸಿ ಹೇಳಿದಳು: "ಐವತ್ತೆರಡನೇ ಪುಟದ ಅಂಚು ತಪ್ಪಿಸಿದ್ದು ನಾನು, ಮೇಷ್ಟ್ರಲ್ಲ. ಇಪ್ಪತ್ತೆರಡು ವರ್ಷದಿಂದ ಹೇಳಬೇಕು ಅಂತಿದ್ದೆ." ತಲೆಬಾಗಿ ಬಂದು ಕೂತಳು.

"ಜಗತ್ತಿನಲ್ಲೇ ಅತಿ ಚಿಕ್ಕ ಭಾಷಣ" ಎಂದ ಒಗುಶಿ, ಮೂಗು ಒರೆಸಿಕೊಳ್ಳುತ್ತ.

*

ಪೆಟ್ಟಿಗೆಯ ಮುಚ್ಚಳ ತೆಗೆದರು. ಎಲ್ಲರೂ ಸೇವಂತಿಗೆ ಹಿಡಿದು ಸಾಲಾಗಿ ಬಂದರು. ಮೇಷ್ಟ್ರು ಬಿಳಿ ಉಡುಪಿನಲ್ಲಿ, ಗಡ್ಡ ಹೆರೆಸಿಕೊಂಡು, ಯಾರದೋ ಮದುವೆಗೆ ಹೊರಟವರಂತೆ ಮಲಗಿದ್ದರು. ಚಿಗುಸಾಳ ಬೆರಳು ತಾನೇ ಎದ್ದಿತು. ಬಲ ಮೇಲೆ. ಇವತ್ತು ಅದೇ ಸರಿ. ನಿಬ್ಬಿಲ್ಲದ ಹಿಡಿಕೆಯನ್ನು ಅವರ ಕೈಯ ಪಕ್ಕ ಇಟ್ಟಳು.

"ಲಕೋಟೆ ಇಡು ಚಿಗುಸಾ. ಮುಚ್ಚಳ ಹಾಕ್ತಾರಂತೆ."

"ಅಮ್ಮಾವ್ರೆ, ಕೊನೇ ಪುಟದಲ್ಲಿ ಅಂಚು ಉಲ್ಟಾ ಇದೆ."

"ಈಗ ಎಂಥ ಅಂಚೇ!"

"ಆ ಹೆಂಗಸಿಂದು. ಬಲ ಮೇಲೆ ಬಂದಿದೆ. ಮೇಷ್ಟ್ರು ಬೇಕೂಂತ ಬರೆದ್ರಾ?"

ಫುಸಾಎ ಪುಟವನ್ನು ಕೈಗೆ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು. "ಆಸ್ಪತ್ರೆಯಲ್ಲಿ ನನ್ನ ಕೈಗನ್ನಡಿ ಇಸ್ಕೊಂಡಿದ್ರು. ಊಟದ ಹಲಗೆ ಮೇಲೆ ನಿಲ್ಲಿಸ್ಕೊಂಡು, ಅದ್ರಲ್ಲಿ ತಮ್ಮ ಮೈಮೇಲಿನ ಕಿಮೊನೊ ನೋಡಿ ಬರೀತಿದ್ರು. ಈ ವಯಸ್ನಲ್ಲಿ ಯಾರಿಗೆ ಸಿಂಗಾರ ಅಂತ ರೇಗಿಸ್ದೆ. ಚಿತ್ರಕ್ಕೆ ಪುಕ್ಕಟೆ ಕೂರೋ ಹೆಂಗಸು ನಾನೊಬ್ಬನೇ ಅಂದ್ರು."

ಒಗುಶಿ ಹಿಂದಿನಿಂದ ಇಣುಕಿದ. "ಕನ್ನಡಿ ನೋಡ್ಕೊಂಡು ಬರೆದ್ರೆ ಎಡ ಬಲ ಆಗುತ್ತಲ್ಲ!"

"ಹಾಗಾದ್ರೆ ತಪ್ಪೇ" ಎಂದರು ಫುಸಾಎ. "ಇನ್ನೂ ಒಳ್ಳೇದು. ಯಾರ ಕಣ್ಣಿಗೂ ಬೀಳದ ಹಾಗೆ ಹೋಗ್ಲಿ."

"ನನ್ನ ಕಣ್ಣಿಗೆ ಬಿತ್ತಲ್ಲ ಅಮ್ಮಾವ್ರೆ." ಚಿಗುಸಾ ಆ ಗೆರೆಯ ಮೇಲೆ ಬೆರಳಿಟ್ಟಳು. "ನಾನು ನೋಡದೆ ಒಂದು ಪುಟವೂ ಹೋಗಬಾರದು ಅಂದಿದ್ರು. ನೋಡ್ದೆ. ನೋಡಿದ್ಮೇಲೂ ಸರಿಮಾಡ್ದೆ ಹೆಂಗೆ ಕಳಿಸ್ಲಿ?"

ಭವನದ ನೌಕರ ಮುಚ್ಚಳ ಹಿಡಿದು ಕಾದಿದ್ದ.

"ಅಂಚು ಸರಿಮಾಡ್ತೀಯ. ಮುಖ?"

"ಮುಖಾನೂ... ಬರೀತೀನಿ. ಕೆಟ್ಟದಾಗಿ ಬಂದ್ರೆ ನಿಮಗೇ ಕೊಡ್ತೀನಿ. ನೀವೇ ಸುಡಿ."

ಫುಸಾಎ ಗಂಡನ ಮುಖ ನೋಡಿದರು, ಕೇಳುವಂತೆ. ಆಮೇಲೆ ಪುಟವನ್ನು ಲಕೋಟೆಗೆ ಸೇರಿಸಿ ಚಿಗುಸಾಳ ಎದೆಗೆ ಒತ್ತಿದರು. "ನಲವತ್ತೊಂಬತ್ತನೇ ದಿನದ ಪೂಜೆಗೆ ತಗೊಂಡು ಬಾ. ಒಂದು ದಿನ ತಡ ಆದ್ರೂ ಒಲೆಗೆ ಹಾಕ್ತೀನಿ."

"ಅಯ್ಯೋ ಅಮ್ಮಾವ್ರೆ" ಎಂದ ಒಗುಶಿ, "ಹಿಂದಿನ ನಲವತ್ತೊಂದಕ್ಕೂ ನೀವೇ ಗಡುವು ಹಾಕಿದ್ದಿದ್ರೆ ನನ್ನ ತಲೇಲಿ ಕೂದಲಿರ್ತಿತ್ತು!"

ಸಾಲಿನಲ್ಲಿದ್ದವರು ನಕ್ಕರು. ಫುಸಾಎ ನಗುತ್ತ ನಗುತ್ತಲೇ ಆ ದಿನ ಮೊದಲ ಬಾರಿಗೆ ಅತ್ತರು.

ಮಧ್ಯಾಹ್ನ ಚಿತಾಗಾರದಲ್ಲಿ ಇಬ್ಬಿಬ್ಬರಾಗಿ ಕಡ್ಡಿ ಹಿಡಿದು ಅಸ್ಥಿ ಎತ್ತುವಾಗ ಫುಸಾಎ ತಮ್ಮ ಜೊತೆಗೆ ಚಿಗುಸಾಳನ್ನು ಕರೆದರು. ಬೆರಳಿನದಿರಬೇಕು, ಸಣ್ಣದೊಂದು ಮೂಳೆ. ಇಬ್ಬರ ಕಡ್ಡಿಗಳ ನಡುವಿನಿಂದ ಅದು ಬೀಳಲಿಲ್ಲ. ಹೊರಡುವಾಗ ಅವರು ಕೈಗನ್ನಡಿಯನ್ನೂ ಚಿಗುಸಾಳ ಚೀಲಕ್ಕೆ ಹಾಕಿದರು.

*

ಸಂಜೆ ಮಹಡಿಯ ಕೋಣೆಯಲ್ಲಿ ಇನ್ನೂ ಬೆಳಕಿತ್ತು. ಚಿಗುಸಾ ಕಪ್ಪು ಕಿಮೊನೊ ಬಿಚ್ಚದೆಯೇ ಮೇಜಿನ ಮುಂದೆ ಕೂತು, ಕರವಸ್ತ್ರ ಬಿಡಿಸಿ, ಮೇಷ್ಟ್ರ ನಿಬ್ಬನ್ನು ತನ್ನ ಹಿಡಿಕೆಗೆ ಸಿಕ್ಕಿಸಿದಳು. ಕೊಂಚ ಸಡಿಲವಾಯಿತು. ಕಾಗದದ ಚೂರು ತುರುಕಿದ ಮೇಲೆ ನಿಂತಿತು.

ದೋಣಿಯವನ ಹೆಂಡತಿ ಆ ವಾರ ದಾಟಿದಳೋ ಇಲ್ಲವೋ ಗೊತ್ತಿಲ್ಲ. ಮೇಷ್ಟ್ರು ಕನ್ನಡಿಯಿಂದ ಮೋಸಹೋದರೋ, ಗೊತ್ತಿದ್ದೇ ಹಾಗೆ ಬರೆದರೋ, ಅದೂ ಚಿಗುಸಾಳಿಗೆ ಗೊತ್ತಾಗಲಿಲ್ಲ. ಕೇಳಲು ಈಗ ಯಾರೂ ಇಲ್ಲ. ಕೈಗನ್ನಡಿಯನ್ನು ಬೋರಲು ಹಾಕಿ, ತಲೆ ಬಗ್ಗಿಸಿ, ತನ್ನ ಎದೆಯ ಮೇಲಿನ ಅಂಚನ್ನು ನೋಡಿಕೊಂಡೇ ಆ ಗೆರೆ ಎಳೆದಳು. ಎಡ ಮೇಲೆ. ಆಮೇಲೆ ಉಸಿರು ಬಿಗಿಹಿಡಿದು ದುಂಡಿನೊಳಗೆ ಒಂದು ಕಣ್ಣು, ಇನ್ನೊಂದು ಕಣ್ಣು, ಮೂಗು. ಮೂಗಿನ ತುದಿಗೆ ನೆಗಡಿಯವರ ಹಾಗೆ ಎರಡು ಚಿಕ್ಕ ಗೆರೆ.

ಕಿಟಕಿಯಿಂದ ನದಿಯ ಗಾಳಿ ಬಂತು. ಹಾಳೆಯ ಮೇಲೆ ಆ ಹೆಂಗಸು ಒದ್ದೆ ಬಟ್ಟೆ ಹರವುತ್ತಿದ್ದಳು. ಅವಳ ತುಟಿಯ ಮೂಲೆಯಲ್ಲಿ ಶಾಯಿ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು.