ಕಪಾಟಿನ ಮೂರನೇ ಮಹಡಿ

ಕಪಾಟಿನ ಜಾರುಬಾಗಿಲು ಹದಿನೇಳನೇ ಸಲ ಸರಿದು ಧಡ್ಡೆಂದು ಮುಚ್ಚಿಕೊಂಡಿತು. ಆಟಿಸಂ ಮಕ್ಕಳ ಥೆರಪಿ ಕೇಂದ್ರದ ಗೋಡೆಗೆ ಒರಗಿ ನಿಂತಿದ್ದ ಅಪ್ಪ ಎಣಿಸುತ್ತಿದ್ದ. ಹದಿನೆಂಟು. ಹತ್ತೊಂಬತ್ತು. ಆರು ವರ್ಷದ ಮಗಳಿಗೆ ಅದರ ಗೊಡವೆಯೇ ಇರಲಿಲ್ಲ. ಬಾಗಿಲು ಎಳೆಯುವುದು, ತಲೆ ವಾಲಿಸಿ ಅದರ ಅಂಚು ಚೌಕಟ್ಟಿಗೆ ತಾಗುವುದನ್ನೇ ನೋಡುವುದು, ತುದಿಗಾಲಲ್ಲಿ ಎರಡು ಸಲ ಕುಣಿಯುವುದು, ಮತ್ತೆ ತೆರೆಯುವುದು. ಮನೆಯಲ್ಲಿ ಅವಳನ್ನು ಬಟಾಣಿ ಎನ್ನುತ್ತಿದ್ದರು. ದುಂಡಗಿದ್ದಳು, ಒಂದು ಕಡೆ ಕೂರಿಸಿದರೆ ಇನ್ನೊಂದು ಕಡೆ ಉರುಳಿರುತ್ತಿದ್ದಳು.

“ಇದೇನಾ ಥೆರಪಿ? ಮನೇಲಿ ಫ್ರಿಜ್ಜಿನ ಹತ್ರ ದಿನಾ ಇದನ್ನೇ ಮಾಡ್ತಾಳಲ್ಲ!”

“ಮೆತ್ತಗೆ ಮಾತಾಡೋ,” ಎಂದು ತಾತ ಮಗನನ್ನು ಗದರಿದರು. “ನೀನು ಬಂದಿರೋದೇ ಇವತ್ತು.”

ಅದು ನಿಜ. ನಾಲ್ಕು ತಿಂಗಳಿಂದ ಮಂಗಳವಾರ, ಶುಕ್ರವಾರ ಮೊಮ್ಮಗಳನ್ನು ಕರೆತರುತ್ತಿದ್ದವರು ತಾತ. ಅಪ್ಪ ಇವತ್ತು ಅರ್ಧ ದಿನ ರಜೆ ಹಾಕಿ ಬಂದದ್ದು ನೋಡಿ ತೀರ್ಮಾನಿಸಲಿಕ್ಕೆ. ಊರಿನ ಆಚೆ ತುದಿಯಲ್ಲಿ ಇನ್ನೊಂದು ಕೇಂದ್ರವಿತ್ತು. ಅಲ್ಲಿ ಮಗುವನ್ನು ಕುರ್ಚಿಯಲ್ಲಿ ಕೂರಿಸಿ, ಕೈ ಆಡಿಸದಂತೆ ಹಿಡಿದು, ಮುಖ ನೋಡಿ ಮಾತಾಡುವುದನ್ನು ಕಲಿಸುತ್ತಿದ್ದರು. ಒಂದು ಜಾಗ ಖಾಲಿ ಇದೆ, ಮಧ್ಯಾಹ್ನದೊಳಗೆ ಫೋನಿನಲ್ಲಿ ಹೇಳಿ ಎಂದಿದ್ದರು. ತೋಳು ಮುಟ್ಟಿದರೆ ಮಂಚದ ಕೆಳಗೆ ಸೇರುವ ಹುಡುಗಿ ಅವಳು. ಇಲ್ಲಿಗೆ ಬರುವ ದಿನ ಮಾತ್ರ ತಾನೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ಅದನ್ನು ಮಗನಿಗೆ ಎಷ್ಟು ಸಲ ಹೇಳಿದ್ದರೂ ಅವನ ಕಿವಿಗೆ ಹೋಗಿರಲಿಲ್ಲ.

ಥೆರಪಿಸ್ಟ್ ಮೇಡಂ ಕಪಾಟಿನ ಪಕ್ಕ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. “ಈ ಒಂದು ಗಂಟೆ ಆಟ ಅವಳದ್ದು ಸಾರ್,” ಎಂದು ಮೊದಲೇ ಅಪ್ಪನಿಗೆ ಹೇಳಿದ್ದಳು. “ಪ್ರಶ್ನೆ ಕೇಳೋ ಹಾಗಿಲ್ಲ. ಶಭಾಷ್ ಅನ್ನೋ ಹಾಗೂ ಇಲ್ಲ. ಅವಳು ಕರೆದ್ರೆ ಹೋಗೋದು, ಅಷ್ಟೇ.”

ಇಪ್ಪತ್ಮೂರನೇ ಸಲ ಬಾಗಿಲು ತೆರೆಯಿತು. ಮುಚ್ಚಲಿಲ್ಲ. ಬಟಾಣಿ ಓರೆಗಣ್ಣಲ್ಲಿ ತಾತನ ಕಾಲನ್ನು ನೋಡುತ್ತ ನಿಂತಳು.

ಕರೆ ಬಂತು ಎಂಬಂತೆ ಮೇಡಂ ಹುಬ್ಬೇರಿಸಿದಳು. ತಾತ ಸದ್ದಿಲ್ಲದೆ ಹೋಗಿ, ಹಲಗೆಗಳನ್ನು ತೆಗೆದು ಖಾಲಿ ಮಾಡಿದ್ದ ಆ ಕಪಾಟಿನೊಳಗೆ ಮಂಡಿ ಮಡಚಿ ತೂರಿಕೊಂಡರು. ಬಾಗಿಲು ಮುಚ್ಚಿತು. ತೆರೆಯಿತು. ಮುಚ್ಚಿತು. ಮತ್ತೆ ತೆರೆದಾಗ ಮುದುಕರ ನಾಲಿಗೆ ಜಾರಿತು.

“ಯಾವ ಮಹಡಿ?”

ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಲಿಫ್ಟ್ ನಡೆಸಿದ ಮನುಷ್ಯ. ಎದುರಿಗೆ ಬಾಗಿಲು ತೆರೆದು ಯಾರಾದರೂ ನಿಂತರೆ ಆ ಬಾಯಿಯಿಂದ ಬೇರೇನು ಬಂದೀತು? ನಾಲಿಗೆ ಕಚ್ಚಿಕೊಂಡರು. ಆದರೆ ಪ್ರಶ್ನೆ ಹೊರಬಿದ್ದಾಗಿತ್ತು. ಬಟಾಣಿ ಬಾಗಿಲಿನಿಂದ ಕೈ ತೆಗೆದಳು. ಎಲ್ಲರಿಗೂ ಬೆನ್ನು ಹಾಕಿ ನಿಂತಳು.

“ಮುಗೀತಲ್ಲ ಕಥೆ,” ಎಂದ ಅಪ್ಪ.

ಮೇಡಂ ಅಂಗೈ ಎತ್ತಿ, ಸುಮ್ಮನಿರಿ ಎಂಬಂತೆ ತಡೆದಳು. ತಾತ ಕಪಾಟಿನೊಳಗೆ ಮಡಚಿಕೊಂಡೇ ಕಾದರು.

ಬಟಾಣಿ ತಿರುಗಿದಳು. ನೇರ ಕಪಾಟಿನ ಹತ್ತಿರ ಬಂದು, ತಾತನ ಅಂಗಿಯನ್ನು ಮೇಲಿಂದ ಕೆಳಗಿನವರೆಗೆ ಪರೀಕ್ಷೆ ಮಾಡಿ, ಕೆಳಗಿನಿಂದ ಮೂರನೇ ಗುಂಡಿಗೆ ತೋರುಬೆರಳಿಟ್ಟು ಗಟ್ಟಿಯಾಗಿ ಒತ್ತಿದಳು.

“ಗುರ್‍ರ್‍ರ್‍…” ತಾತ ಅಲ್ಲೇ ಶುರು ಹಚ್ಚಿಕೊಂಡರು. ಮಡಚಿದ ಮಂಡಿ ಇಂಚಿಂಚೇ ಬಿಚ್ಚುತ್ತ ಮೇಲೆದ್ದರು. “ಒಂದು… ಎರಡು… ಮೂರನೇ ಮಹಡಿ!” ತಲೆ ಕಪಾಟಿನ ಛಾವಣಿಗೆ ತಾಗಿ ಠಣ್ಣೆಂದಿತು.

ಹುಡುಗಿ ಕಿಟಾರನೆ ಕಿರುಚಿ ನಕ್ಕಳು. ಎರಡೂ ಕೈ ರೆಕ್ಕೆಯಂತೆ ಬಡಿದಳು. ಮತ್ತೆ ಒತ್ತಿದಳು. ತಾತ ಇಳಿದರು, ಹತ್ತಿದರು, ಇಳಿದರು.

“ನಿಧಾನ ಕಣಮ್ಮಾ! ಈ ಲಿಫ್ಟಿಗೆ ಎಣ್ಣೆ ಬಿಟ್ಟು ಇಪ್ಪತ್ತು ವರ್ಷ ಆಯ್ತು!”

“ಲಿಫ್ಟು!” ಮೇಡಂ ಮಂಡಿಯೂರಿ ಎದ್ದೇಬಿಟ್ಟಳು. ತಾನು ಮಾಡಿದ ನಿಯಮ ತಾನೇ ಮರೆತು ಅಪ್ಪನ ಕಡೆ ತಿರುಗಿ ಪಿಸುಗುಟ್ಟಿದಳು, “ನಾಲ್ಕು ತಿಂಗಳಿಂದ ನಾನು ಬರೀ ಬಾಗಿಲು ಅಂದ್ಕೊಂಡಿದ್ದೆ ಸಾರ್. ನಾವಿರೋದೂ ಮೂರನೇ ಮಹಡಿನೇ. ಲಿಫ್ಟಲ್ಲಿ ಇಲ್ಲಿಗೆ ಬರೋದನ್ನೇ ಆಡ್ತಿದಾಳೆ ಅವಳು!”

ಅಪ್ಪ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಮಗಳ ಬೆರಳನ್ನೇ ನೋಡುತ್ತಿದ್ದ. ಅವಳಾಗಿಯೇ ಯಾರನ್ನಾದರೂ ಮುಟ್ಟಿದ್ದನ್ನು ಅವನು ಈವರೆಗೆ ಕಂಡಿರಲಿಲ್ಲ.

ಅವನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ತೆಗೆದು ನೋಡಿದ. ಆಚೆ ತುದಿಯ ಕೇಂದ್ರದವರು. ತಲೆಯೆತ್ತಿದರೆ ಬಟಾಣಿ ಬಾಗಿಲನ್ನು ಪೂರ್ತಿ ಸರಿಸಿ ಹಿಡಿದುಕೊಂಡಿದ್ದಳು. ಕಣ್ಣು ಅವನ ಕಾಲಿನ ಮೇಲಿತ್ತು.

ಫೋನ್ ಇನ್ನೊಮ್ಮೆ ಬಡಿದುಕೊಂಡಿತು. ಅಪ್ಪ ಅದನ್ನು ಚಾಪೆಯ ಮೇಲೆ ಕವುಚಿ ಹಾಕಿದ.

“ನಾನು ಹಿಡಿಸಲ್ಲಪ್ಪಾ ಇದರಲ್ಲಿ,” ಎಂದ, ಒಂದು ಕಾಲು ಒಳಗಿಟ್ಟು.

“ಸ್ಟ್ರೆಚರ್ ಜೊತೆ ಆರು ಜನ ಹಿಡಿಸಿದೀನಿ ಕಣೋ, ನಿನ್ನ ಹೊಟ್ಟೆ ಯಾವ ಲೆಕ್ಕ? ಉಸಿರು ಎಳ್ಕೋ.”

ಬಾಗಿಲು ಸರಿಯುತ್ತ ಬಂದು ಅಪ್ಪನ ಹೊಟ್ಟೆಗೆ ತಾಗಿ ನಿಂತಿತು. ಅವನು ಉಸಿರು ಎಳೆದುಕೊಂಡ. ಇನ್ನಷ್ಟು ಸರಿಯಿತು. ಕತ್ತಲಾಯಿತು, ಬೆಳಕಿನ ಒಂದು ಗೆರೆ ಮಾತ್ರ ಉಳಿಯಿತು. ಆ ಗೆರೆಯ ಮೂಲಕ ಪುಟ್ಟ ಬೆರಳೊಂದು ಒಳಗೆ ಬಂದು, ಅಪ್ಪನ ಅಂಗಿಯ ಮೇಲೆ ತಡಕಾಡತೊಡಗಿತು.