ಒಂದೇ ಸಲ ಕರೆಯುವ ಆಟ

ಚಿನಕುರಳಿ ಪಕ್ಕದ ನಮ್ಮೂರಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವನು ನಾನು. ಬೆಳಿಗ್ಗೆ ಸಂಜೆ ಜನ ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಒಬ್ಬೊಬ್ಬರ ಹಾಲಿಗೂ ಡಿಗ್ರಿ ಇಟ್ಟು, ಫ್ಯಾಟು ನೋಡಿ, ಮುಖಕ್ಕೆ ಹೊಡೆದ ಹಾಗೆ ಹೇಳುತ್ತೇನೆ. ಡಿಗ್ರಿ ಕಮ್ಮಿ ಬಂದವರು ಯಾರೂ ಇದುವರೆಗೆ "ಹೌದಪ್ಪ, ನೀರು ಬಿದ್ದಿರಬಹುದು" ಎಂದು ಒಪ್ಪಿದ್ದನ್ನು ನಾನು ಕಂಡಿಲ್ಲ. "ನಿನ್ ಮಿಷಿನ್ನೇ ಸರಿ ಇಲ್ಲ ಕಣ್ಲಾ ದಿಲೀಪ" ಅನ್ನುತ್ತಾರೆ. ನಾನು ಒಳಗೊಳಗೇ ನಗುತ್ತಿದ್ದೆ. ನನ್ನ ಹಾಲಿಗೂ ಇನ್ನೊಬ್ಬರು ಡಿಗ್ರಿ ಇಡುವ ದಿನ ಬಂದಾಗ ನಾನು ಆಡಿದ್ದೂ ಅದೇ ಮಾತು.

ನನಗೆ ಗೇಮ್ ಹುಚ್ಚು. ಆಡುವ ಹುಚ್ಚಲ್ಲ, ಮಾಡುವ ಹುಚ್ಚು. ನನ್ನಂಥವರೇ ಸೇರಿಕೊಂಡ ಕನ್ನಡದ ಗುಂಪೊಂದು ಆನ್‌ಲೈನಿನಲ್ಲಿದೆ. ಆಗಾಗ ಅಲ್ಲಿ ಜಾಮ್ ನಡೆಯುತ್ತದೆ. ಶುಕ್ರವಾರ ಒಂದು ವಿಷಯ ಕೊಡುತ್ತಾರೆ; ಭಾನುವಾರ ಮುಗಿಯುವುದರೊಳಗೆ ಅದರ ಮೇಲೊಂದು ಪುಟ್ಟ ಗೇಮು ಮಾಡಿ, ಸಂಗೀತವನ್ನೂ ಕೂಡಿಸಿ ಹಾಕಬೇಕು. ಆಮೇಲೆ ಒಬ್ಬರದನ್ನೊಬ್ಬರು ಆಡಿ, ಯಾವುದು ಚೆನ್ನಾಗಿದೆ, ಯಾವುದನ್ನು ಹೇಗೆ ತಿದ್ದಬಹುದು ಎಂದು ಬರೆಯಬೇಕು. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಸಲ ಕೊಟ್ಟ ವಿಷಯ 'ಕರೆ'. ಓದಿದ ಕೂಡಲೇ ನನಗೆ ನೆನಪಾದದ್ದು ಅವ್ವನ ದನಿ.

ನಮ್ಮವ್ವ ಸೋಮಮ್ಮ. ಸಂಜೆ ಹಿತ್ತಲಲ್ಲಿ ನಿಂತು "ಬಾರೇ ಚುಕ್ಕೀ" ಅಂದಳೆಂದರೆ ನಾಲೆಯ ಏರಿ ಮೇಲೆ ಮೇಯುತ್ತಿದ್ದ ಹಸು ಕತ್ತೆತ್ತುತ್ತಿತ್ತು. ಬೀದಿಯ ಹೆಂಗಸರು "ಸೋಮಮ್ಮ ಕರೆದ್ಲು, ಒತ್ತಾಯ್ತು" ಎಂದು ದೀಪ ಹಚ್ಚಲು ಏಳುತ್ತಿದ್ದರು. ಆ ಗಂಟಲಿಗೇ ಕ್ಯಾನ್ಸರ್ ಬಂತು. ಮೈಸೂರಿನಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಕುತ್ತಿಗೆಯಲ್ಲಿ ಒಂದು ತೂತು, ಉಸಿರೆಲ್ಲ ಅಲ್ಲಿಂದಲೇ. ಉಸಿರಾಡುವಾಗ ಅಲ್ಲಿಂದ ಸುಂಯ್ ಎಂದು ಸದ್ದು ಬರುತ್ತಿತ್ತು. ಆ ಸದ್ದೆಂದರೆ ಅವ್ವನಿಗೆ ವಿಪರೀತ ನಾಚಿಕೆ. ಮನೆಗೆ ಯಾರಾದರೂ ಬಂದರೆ ಕುತ್ತಿಗೆಗೆ ಕಟ್ಟಿದ ಬಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋಗಿಬಿಡುತ್ತಿದ್ದಳು.

ಚುಕ್ಕಿ ಬೇರೆ ಹಟ ಹಿಡಿದಿತ್ತು. ಕರೆಯುವವರಿಲ್ಲದೆ ಮನೆಗೆ ಬರದು, ಬಂದರೂ ಹಾಲು ಇಳಿಸದು. ಆಗ ಅವ್ವ ಚಪ್ಪಾಳೆ ತಟ್ಟಿ ಕರೆಯಲು ಶುರು ಮಾಡಿದಳು. ಮಡಿಲಲ್ಲಿ ಒಂದು ಹಿಡಿ ಬೂಸ ಕಟ್ಟಿಕೊಂಡು ಹಸುವಿನ ಹತ್ತಿರ ಹೋಗಿ ತಟ್ಟುವುದು, ತಿನ್ನಿಸುವುದು, ಮಾರನೆಯ ದಿನ ಇನ್ನಷ್ಟು ದೂರದಿಂದ ತಟ್ಟುವುದು. ಮಳೆಗಾಲವಿಡೀ ಇದೇ ಆಯಿತು. ದೀಪಾವಳಿ ಹೊತ್ತಿಗೆ ಚುಕ್ಕಿ ಚಪ್ಪಾಳೆ ಕೇಳಿ ನಾಲೆ ಏರಿಯಿಂದ ಇಳಿದು ಬಂತು. ಆಪರೇಷನ್ ಆದ ಮೇಲೆ ಅವ್ವ ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ.

ಅವ್ವನ ಹಳೆಯ ದನಿ ನನ್ನ ಫೋನಿನಲ್ಲಿ ಒಂದೇ ಒಂದು ಉಳಿದಿತ್ತು. ಪಾಂಡವಪುರದಿಂದ ಹಿಂಡಿ ತಾ ಎಂದು ಹೇಳಲು ವಾಟ್ಸಾಪಿನಲ್ಲಿ ಕಳಿಸಿದ ಮಾತು. ಮಾತು ಮುಗಿದ ಮೇಲೂ ಗುಂಡಿ ಬಿಡದೆ ಹಸುವನ್ನು ಕರೆದಿದ್ದಾಳೆ: "ಬಾರೇ ಚುಕ್ಕೀ, ಬಾರವ್ವಾ." ಹಿಂದೆ ಯಾರದೋ ಟ್ರಾಕ್ಟರಿನ ಸದ್ದು. ಹಸುವಿನ ಕೊರಳ ಗಂಟೆ ಹತ್ತಿರವಾಗುತ್ತದೆ, ಅಷ್ಟರಲ್ಲಿ ಬೆರಳು ಜಾರಿ ನಿಂತುಹೋಗುತ್ತದೆ.

ಅದನ್ನಿಟ್ಟುಕೊಂಡು ಗೇಮ್ ಮಾಡಿದೆ. ಹಿತ್ತಲಲ್ಲಿ ಒಬ್ಬ ಹೆಂಗಸು ನಿಂತಿರುತ್ತಾಳೆ. ಪರದೆ ಮುಟ್ಟಿದರೆ ಕರೆಯುತ್ತಾಳೆ. ಮುಟ್ಟಿದಷ್ಟು ಸಲ ಕರೆಯುತ್ತಾಳೆ. ಕತ್ತಲಾಗುವುದರೊಳಗೆ ಹಸು ಮನೆ ಸೇರಬೇಕು, ಅಷ್ಟೇ. ಸಂಗೀತ ದುಃಖವಾಗಿರಲಿ ಎಂದು ದನಿಯ ಕೆಳಗೆ ಕೊಳಲು, ಪಿಟೀಲು, ಪುಕ್ಕಟೆ ಸಿಕ್ಕಿದ್ದನ್ನೆಲ್ಲ ತುಂಬಿದೆ. ಅವ್ವನಿಗೆ ಹೇಳಲಿಲ್ಲ.

ಗುಂಪಿನಲ್ಲಿ ಹರ್ಷಿತ ಅಂತ ಒಬ್ಬಳಿದ್ದಾಳೆ. ನಾಗಮಂಗಲದ ಅಕ್ಕಸಾಲಿಗರ ಮನೆ ಹುಡುಗಿ, ಮದುವೆ ವಿಡಿಯೋಗಳಿಗೆ ಸಂಗೀತ ಕೂಡಿಸುವ ಕೆಲಸ. ಅವಳ ಅಭಿಪ್ರಾಯವೆಂದರೆ ಎಲ್ಲರಿಗೂ ಭಯ. ಒಡವೆ ಒರೆಗೆ ಹಚ್ಚುವಾಗ ಅವರಪ್ಪ ತಂದವರ ಮುಖ ನೋಡುವುದಿಲ್ಲವಂತೆ, ಅವಳೂ ಹಾಗೆಯೇ. ನನಗೆ ಬರೆದಳು: "ಆ ದನಿ ಬಹಳ ಚೆನ್ನಾಗಿದೆ. ನಿಮ್ಮ ಗೇಮಿನಲ್ಲಿ ಜೀವ ಇರುವುದು ಅದೊಂದಕ್ಕೇ. ಅದನ್ನು ಕೊಳಲು ಪಿಟೀಲಿನ ಕೆಳಗೆ ಯಾಕೆ ಹೂತಿದ್ದೀರಿ? ಎರಡನೆಯದು, ಮುಟ್ಟಿದಾಗಲೆಲ್ಲ ಅದೇ ಕರೆ, ಅದೇ ಟ್ರಾಕ್ಟರು. ಯಾರೂ ಎರಡು ಸಲ ಒಂದೇ ಥರ ಕರೆಯುವುದಿಲ್ಲ. ಆಕೆ ಸಿಗುವುದಾದರೆ ಇನ್ನೊಂದು ನಾಲ್ಕೈದು ಸಲ ಕರೆಸಿ ರೆಕಾರ್ಡ್ ಮಾಡಿ. ಸಿಟ್ಟಿನಲ್ಲಿ, ಪ್ರೀತಿಯಲ್ಲಿ, ದೂರದಿಂದ."

ಇನ್ನೊಂದು ನಾಲ್ಕೈದು ಸಲ ಕರೆಸಿ! ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಇಯರ್‌ಫೋನೇ ಸರಿ ಇಲ್ಲ" ಎಂದು ಬರೆದೆ.

ಬರೆದ ಮೇಲೆ ಅನುಮಾನ ಶುರುವಾಯಿತು. ಸಂಜೆ ಹಿತ್ತಲಿಗೆ ಹೋಗಿ ಫೋನನ್ನು ಕಲ್ಲುಚಪ್ಪಡಿಯ ಮೇಲಿಟ್ಟು, ಕೊಳಲು ಪಿಟೀಲು ತೆಗೆದು ಬರಿಯ ದನಿಯನ್ನು ಜೋರಾಗಿ ಹಾಕಿ ನೋಡಿದೆ. ಅವ್ವ ಆಗಲೇ ಬೇಲಿ ಹತ್ತಿರ ನಿಂತು ಚಪ್ಪಾಳೆ ತಟ್ಟಿ ಚುಕ್ಕಿಯನ್ನು ಕರೆಯುತ್ತಿದ್ದದ್ದು ನನ್ನ ಗಮನಕ್ಕೆ ಬರಲಿಲ್ಲ. ಅರ್ಧ ದಾರಿ ಬಂದಿದ್ದ ಹಸು ಫೋನಿನ ದನಿ ಕೇಳಿದ್ದೇ ನಿಂತಿತು, ಕಿವಿ ನಿಮಿರಿಸಿತು. ಆಮೇಲೆ ಓಡಿ ಬಂತು. ಅವ್ವನ ಪಕ್ಕದಲ್ಲೇ ಹಾದು, ಅವಳ ಕಡೆ ತಿರುಗಿಯೂ ನೋಡದೆ, ಚಪ್ಪಡಿ ಹತ್ತಿರ ಬಂದು ಫೋನನ್ನು ಮೂಸಿ ಅಂಬಾ ಎಂದಿತು.

ಕೊಟ್ಟಿಗೆ ಬಾಗಿಲಲ್ಲಿದ್ದ ಅಪ್ಪ ಹೊನ್ನಪ್ಪನಿಗೆ ಖುಷಿಯೋ ಖುಷಿ. "ನೋಡ್ಲಾ, ಮುಂಡೇದುಕ್ಕೆ ಇನ್ನೂ ಗ್ಯಾನ ಐತೆ! ಮರ್ತಿಲ್ಲ ಕಣ್ಲಾ!"

ನಾನು ಅವ್ವನ ಮುಖ ನೋಡಿದೆ. ತಟ್ಟಲೆಂದು ಎತ್ತಿದ ಕೈ ಹಾಗೇ ನಿಂತಿತ್ತು. ಮಡಿಲಿನ ಬೂಸವನ್ನು ಅಲ್ಲೇ ಕೊಡವಿ ಒಳಗೆ ಹೋದಳು. ಅವತ್ತು ಹಾಲು ಕರೆಯಲು ಬರಲಿಲ್ಲ. ಮಾರನೆಯ ಸಂಜೆ ತಟ್ಟಿದರೆ ಚುಕ್ಕಿ ಕದಲಲಿಲ್ಲ, ಆ ದನಿ ಎಲ್ಲಿ ಎಂದು ಅತ್ತಿತ್ತ ನೋಡುತ್ತಾ ನಿಂತಿತು. ಒಂದು ಮಳೆಗಾಲದ ಕಷ್ಟವನ್ನು ನಾನು ಒಂದು ಗಳಿಗೆಯಲ್ಲಿ ಮಣ್ಣುಪಾಲು ಮಾಡಿದ್ದೆ.

ಹರ್ಷಿತಳ ನಂಬರು ಗುಂಪಿನಲ್ಲೇ ಇತ್ತು. ಬೈಗುಳ ತಿನ್ನಲು ಸಿದ್ಧನಾಗಿಯೇ ಫೋನ್ ಮಾಡಿದೆ. ಎಲ್ಲ ಹೇಳಿದೆ.

"ನಂಗೆ ಗೊತ್ತಿರ್ಲಿಲ್ಲ ದಿಲೀಪ್ ಅವ್ರೇ. ಇನ್ನೊಂದ್ಸಲ ಕರೆಸಿ ಅಂತ ಬರೆದ್ಬುಟ್ಟೆ."

"ನೀವು ಸರಿಯಾಗೇ ಹೇಳಿದ್ರಿ ಬುಡಿ."

"ಈಗ ಹಸೂನ ಹೆಂಗೆ ಕರೀತಾರೆ ಅವ್ರು?"

"ಚಪ್ಪಾಳೆ ತಟ್ತಾರೆ."

"ಹಂಗಾದ್ರೆ ದನಿ ಒಂದೇ ಸಲ ಕೇಳ್ಸಿ, ಮೊದ್ಲು ಮುಟ್ಟಿದಾಗ. ಆಮೇಲೆ ಎಷ್ಟು ಮುಟ್ಟಿದ್ರೂ ಚಪ್ಪಾಳೆ. ಒಂದೇ ಸಲ ಕೇಳಿದ್ದು ಯಾರ್ಗೂ ಮರೆಯಕಿಲ್ಲ. ನಿಮ್ಮವ್ವನ ಕೇಳಿ, ತಟ್ಕೊಡ್ತಾರಾ ಅಂತ."

ಕೇಳುವ ಧೈರ್ಯ ನನಗೆ ಬರಲಿಲ್ಲ. ಅವ್ವನೇ ಮೂರ್ನಾಲ್ಕು ದಿನ ನೋಡಿ, ಒಂದು ಸಂಜೆ ನನ್ನ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಫೋನ್ ತೋರಿಸಿ, ತುಟಿಯಲ್ಲೇ "ಹಾಕು" ಎಂದಳು. ಹಾಕಿದೆ. "ಬಾರೇ ಚುಕ್ಕೀ, ಬಾರವ್ವಾ." ಏರಿ ಮೇಲೆ ಚುಕ್ಕಿ ಕತ್ತೆತ್ತಿತು. ಅವ್ವ ಸಾಕು ಎಂದು ಸನ್ನೆ ಮಾಡಿ, ದನಿ ನಿಂತ ಜಾಗದಿಂದಲೇ ಚಪ್ಪಾಳೆ ಎತ್ತಿಕೊಂಡಳು. ಹಸು ಎರಡು ಹೆಜ್ಜೆ ಇಟ್ಟು ನಿಂತಿತು. ಮತ್ತೆ ತಟ್ಟಿದಳು. ತನ್ನ ಹಳೆಯ ದನಿಯನ್ನೇ ಮುಂದಿಟ್ಟುಕೊಂಡು, ಅದೂ ನಾನೇ ಇದೂ ನಾನೇ ಎಂದು ಆ ಮೂಕಪ್ರಾಣಿಗೆ ತಿಳಿಸಿಕೊಡುತ್ತಿದ್ದಳು. ನನಗೆ ಅಳು ಬಂತು.

ಅವತ್ತು ಅಪ್ಪನ ಫೋನಿನಲ್ಲಿ ಎಲ್ಲ ರೆಕಾರ್ಡ್ ಮಾಡಿಕೊಂಡೆ. ಯಾರಾದರೂ ಇದ್ದಾಗ ಅವ್ವನ ಒಂದು ಕೈ ಸದಾ ಕುತ್ತಿಗೆಯ ಬಟ್ಟೆಯ ಮೇಲೆ. ಆದರೆ ಚಪ್ಪಾಳೆಗೆ ಎರಡೂ ಕೈ ಬೇಕು. ಹಾಗಾಗಿ ಒಂದೊಂದು ಚಪ್ಪಾಳೆಯ ನಡುವೆ ಆ ಸುಂಯ್ ಎನ್ನುವ ಉಸಿರೂ ಬಂದಿತ್ತು. ಗೇಮಿನ ವಿಷಯ ಹೇಳಿ, ಅವ್ವನ ಕಿವಿಗೆ ಇಯರ್‌ಫೋನ್ ಇಟ್ಟು ಕೇಳಿಸಿದೆ. ಕೇಳುತ್ತಿದ್ದ ಹಾಗೆ ಕೈ ತಾನಾಗಿಯೇ ಕುತ್ತಿಗೆಗೆ ಹೋಯಿತು.

"ಅದೊಂದ ತೆಗ್ದಾಕ್ಲಾ ಅವ್ವ? ತೆಗೀಬೋದು" ಅಂದೆ.

ಅವ್ವ ಕುತ್ತಿಗೆಯ ಮೇಲಿನ ಕೈ ತೆಗೆದಳು. "ಇರ್ಲಿ" ಎಂದು ತುಟಿ ಆಡಿಸಿದಳು.

ತಿದ್ದಿದ ಗೇಮ್ ಹಾಕಿದೆ. ಚಪ್ಪಾಳೆಯ ನಡುವೆ ಗಾಳಿ ಸೋರುವಂಥ ಸದ್ದಿದೆ, ತೆಗೆದರೆ ಇನ್ನೂ ಚೆನ್ನಾಗಿರುತ್ತದೆ ಎಂದು ಯಾರೋ ಬರೆದರು. ಈ ಸಲ ಇಯರ್‌ಫೋನಿನ ಮಾತೆತ್ತಲಿಲ್ಲ. "ಅದು ಕರೆಯುವವಳ ಉಸಿರು, ಇರಲಿ" ಎಂದು ಬರೆದು ಕೈಮುಗಿದೆ. ಹರ್ಷಿತ ಮಾತ್ರ ಏನೂ ತಪ್ಪು ಹುಡುಕಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ರೋಗ ಮತ್ತೆ ಬಂತು, ಈ ಸಲ ಶ್ವಾಸಕೋಶಕ್ಕೆ. ಯುಗಾದಿ ನೋಡಲಿಲ್ಲ ಅವ್ವ. ಕೊನೆಯ ವಾರದವರೆಗೂ ಸಂಜೆ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ತಟ್ಟುತ್ತಿದ್ದಳು. ಕೈಯಲ್ಲಿ ಬಲವಿರಲಿಲ್ಲ, ಸದ್ದೇ ಬರುತ್ತಿರಲಿಲ್ಲ. ಆದರೂ ಚುಕ್ಕಿ ಬರುತ್ತಿತ್ತು.

ತಿಥಿ ಎಲ್ಲ ಮುಗಿದ ಮೇಲೆ ಒಂದು ದಿನ ಡೇರಿಯಿಂದ ಬಂದಾಗ ಅಪ್ಪ ಜಗುಲಿಯ ಮೇಲೆ ಕೂತಿದ್ದ. ಫೋನಿನಲ್ಲಿ ನನ್ನ ಗೇಮು. ಆಟವೆಂದರೆ ಏನೆಂದು ಗೊತ್ತಿಲ್ಲದ ಮನುಷ್ಯ ಒಂದು ಸಲ ಮುಟ್ಟಿದ. "ಬಾರೇ ಚುಕ್ಕೀ, ಬಾರವ್ವಾ." ಕೂಡಲೇ ಗೇಮ್ ಮುಚ್ಚಿದ. ಮತ್ತೆ ತೆಗೆದ, ಒಂದು ಸಲ ಮುಟ್ಟಿದ, ದನಿ ಕೇಳಿಸಿಕೊಂಡ, ಮುಚ್ಚಿದ. ಎರಡನೆಯ ಸಲ ಮುಟ್ಟಿದರೆ ಚಪ್ಪಾಳೆ ಬರುತ್ತದೆಂದು ಅವನಿಗೆ ತಿಳಿದುಹೋಗಿತ್ತು. ಹರ್ಷಿತ ಕೊಟ್ಟ ಸಲಹೆ ಸರಿಯಾದದ್ದೇ, ಆಡಿದವರೆಲ್ಲ ಅದನ್ನೇ ಮೆಚ್ಚಿದರು. ಇಂಥವನೊಬ್ಬ ಆಡುತ್ತಾನೆಂದು ಅವಳಿಗಾಗಲಿ ನನಗಾಗಲಿ ಹೊಳೆದಿರಲಿಲ್ಲ.

ಪಕ್ಕದಲ್ಲಿ ಕೂತೆ. "ಮುಟ್ಟಿದಾಗೆಲ್ಲ ಕರೆಯೋ ಅಂಗೆ ಮಾಡ್ಕೊಡ್ತೀನಿ ಬುಡಪ್ಪ. ನಿನ್ ಫೋನ್ಗೆ ಮಾತ್ರ."

"ಬ್ಯಾಡ ಕಣ್ಲಾ. ಚೆನ್ನಾಗೈತೆ" ಎಂದ ಅಪ್ಪ. ಈ ಸಲ ಮುಚ್ಚಲಿಲ್ಲ. ಮುಟ್ಟುತ್ತಾ ಹೋದ. ಚಪ್ಪಾಳೆ, ಉಸಿರು, ಚಪ್ಪಾಳೆ, ಉಸಿರು. ಪರದೆಯ ಮೇಲಿನ ಹಸು ಏರಿ ಇಳಿದು, ಬದು ಹಿಡಿದು, ಹಿತ್ತಲಿಗೆ ಬಂದು ಹೆಂಗಸಿನ ಮುಂದೆ ನಿಂತಿತು. ಆಟ ಮುಗಿಯಿತು. ಅಪ್ಪ ಇನ್ನೂ ಏನೋ ಬರುತ್ತದೆಂದು ಫೋನನ್ನು ಕಿವಿಯ ಹತ್ತಿರ ಹಿಡಿದು ಕಾದ.

"ಎಲ್ಲಾ ಸರಿ ಮಾಡಿದ್ದೀಯ. ಒಂದೇ ಒಂದ್ ಬುಟ್ಬುಟ್ಟಿದ್ದೀಯ ಕಣಪ್ಪ."

"ಏನು?"

"ಹಸ ಬಂದ್ ನಿಂತ್ಕಂಡ್ ಮೇಲೆ ಅದ್ರ ಕತ್ ಸವರ್ತಾ 'ಬಂದ್ಯಾ' ಅಂತಿದ್ಲು. ಅದ ಆಕು."

ನನ್ನಲ್ಲಿದ್ದ ದನಿ ಹಸು ಬಂದು ನಿಲ್ಲುವ ಮೊದಲೇ ನಿಂತುಹೋಗಿತ್ತು. ನಾನು ಫೋನ್ ಇಸಿದುಕೊಂಡು, ಎಲ್ಲಿ ಸೇರಿಸಬೇಕೆಂದು ಹುಡುಕುವವನ ಹಾಗೆ, ಪರದೆ ನೋಡುತ್ತಾ ಕೂತೆ. "ಆಯ್ತಪ್ಪ, ಆಕ್ತೀನಿ" ಅಂದೆ.