ಮೇಲಿನವರ ಉಸಿರು

ಗಂಡ ಆಡುವ ಟೀವಿ ಆಟದೊಳಗೆ ಹಳದಿ ಅಂಗಿಯ ಹುಡುಗಿ ನೀರಿಗೆ ಧುಮುಕಿದಳೆಂದರೆ ಶಿವಲೀಲಾಳ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮೊರದಲ್ಲಿ ಸಜ್ಜೆ ಹಸನು ಮಾಡುತ್ತಿದ್ದ ಕೈ ಅಲ್ಲೇ ನಿಲ್ಲುತ್ತಿತ್ತು. ಹುಡುಗಿ ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿದು, ಹವಳದ ಪೊದೆಗಳ ನಡುವೆ ನುಸುಳಿ, ಎಲ್ಲಾದರೂ ಒಂದು ಗಾಳಿಯ ಗುಳ್ಳೆ ಸಿಕ್ಕಿ ಅದಕ್ಕೆ ಮುಖವೊಡ್ಡುವ ತನಕ ಇವಳ ಎದೆ ಏಳುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ.

ಇದು ತವರಿನಿಂದ ಬಂದ ರೂಢಿ. ಅವಳ ಅಪ್ಪ ಯಲಬುರ್ಗಾ ಸೀಮೆಯ ಬಾವಿಗಳಿಗೆಲ್ಲ ಇಳಿದವನು. ಬಿದ್ದ ಕೊಡ, ಮುಳುಗಿದ ಮೋಟರು, ಒಮ್ಮೊಮ್ಮೆ ಬಾಯಿಬಿಟ್ಟು ಹೇಳಬಾರದಂಥದ್ದು, ಏನಿದ್ದರೂ ತಳದಿಂದ ಎತ್ತಿ ತರುವುದು ಆ ಮನೆಯ ಕಸುಬು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬ ಇಳಿಯಬೇಕು, ದಂಡೆಯ ಮೇಲೆ ಇನ್ನೊಬ್ಬ ಆ ಹಗ್ಗ ಹಿಡಿದು ನಿಲ್ಲಬೇಕು. ಕೆಳಗಿನವನ ತಲೆ ನೀರೊಳಗೆ ಹೋದ ಕೂಡಲೇ ಮೇಲಿನವನೂ ಉಸಿರು ಬಿಗಿ ಹಿಡಿಯಬೇಕು. ಗಡಿಯಾರ ಗಿಡಿಯಾರ ಯಾರೂ ನೋಡುತ್ತಿರಲಿಲ್ಲ. ಮೇಲಿನವನು ತಾಳಲಾರದೆ ಬಾಯಿ ಬಿಟ್ಟ ಎಂದರೆ ಎಳೆಯಬೇಕು, ಅಷ್ಟೇ. ತಳದ ಕತ್ತಲೆಯಲ್ಲಿ ಹೊತ್ತು ತಿಳಿಯುವುದಿಲ್ಲ. ಹಗ್ಗ ಎಳೆಯಿತೆಂದರೆ ಹೊತ್ತಾಯಿತು ಎಂದು ಕೆಳಗಿನವನು ತಿಳಿಯಬೇಕು. ಇನ್ನೊಂದು ಕಟ್ಟಳೆಯಿತ್ತು: ಮುಳುಗುವವನ ಹಗ್ಗವನ್ನು ಇನ್ನೊಬ್ಬ ಮುಳುಗುವವನ ಕೈಗೆ ಕೊಡಬಾರದು. ಒಂದೇ ಕಸುಬಿನವರಲ್ಲಿ ಹೊಟ್ಟೆಕಿಚ್ಚು ಇದ್ದೇ ಇರುತ್ತದಲ್ಲ, ಅದಕ್ಕೆ ಎಂದು ಊರವರು ಹೇಳುತ್ತಿದ್ದರು. ಶಿವಲೀಲಾಳೂ ಹಾಗೇ ತಿಳಿದಿದ್ದಳು.

ಅವಳ ಗಂಡ ಹಾಲೇಶ ಅಳಿಯನಾದ ಮೇಲೆ ಮಾವನ ಕಸುಬನ್ನೂ ಕಲಿತ. ಹಗ್ಗ ಎಂದೂ ನೀರಿಗಿಳಿಯದ ಅವಳ ಅಣ್ಣ ಗುರುಬಸವನ ಕೈಯಲ್ಲಿರುತ್ತಿತ್ತು. ಹೋದ ವರ್ಷ ಇಟಗಿ ಕಡೆಯ ಹೊಲವೊಂದರಲ್ಲಿ, ಬಾವಿಯ ತಳದಲ್ಲಿ ಬಿದ್ದಿದ್ದ ಹಳೆಯ ಕೇಬಲ್ಲಿಗೆ ಹಾಲೇಶನ ಕಾಲು ಸಿಕ್ಕಿಕೊಂಡಿತು. ಗುರುಬಸವ ಎಳೆದರೆ ಹಗ್ಗ ಬಿಗಿಯಿತು, ಮನುಷ್ಯ ಬರಲಿಲ್ಲ. ದಂಡೆಯ ಮೇಲಿದ್ದವರೆಲ್ಲ ಸೇರಿ ಜಗ್ಗಿದಾಗ ಹಿಮ್ಮಡಿಯ ತೊಗಲನ್ನು ಅಲ್ಲೇ ಬಿಟ್ಟು ಮೇಲೆ ಬಂದ. ಬದುಕಿದ. ಆದರೆ ಅಂದಿನಿಂದ ಮುಖಕ್ಕೆ ಒಂದು ತಂಬಿಗೆ ನೀರು ಹಾಕಿಕೊಳ್ಳುವಾಗಲೂ ಹೆದರಿ ಕಣ್ಣು ಮುಚ್ಚುತ್ತಿರಲಿಲ್ಲ. ಗುರುಬಸವ ಹಗ್ಗ ಬಿಸಾಕಿ ಗಂಗಾವತಿಯ ಅಕ್ಕಿ ಗಿರಣಿ ಸೇರಿಕೊಂಡ. ಹಾಲೇಶ ಕುಷ್ಟಗಿಯಲ್ಲಿ ಫಾರೂಕನ ಟೀವಿ ಅಂಗಡಿಯ ಗಾಡಿ ಓಡಿಸತೊಡಗಿದ. ಶಿವಲೀಲಾ ಯಾರಿಗೂ ಹೇಳದೆ ಗಂಡನ ಆ ಹಿಮ್ಮಡಿಯ ಗಾಯಕ್ಕೆ ಕೈಮುಗಿದಿದ್ದಳು.

ಟೀವಿಗೆ ಹಚ್ಚುವ ಆ ಆಟದ ಪೆಟ್ಟಿಗೆಯನ್ನು ಕೊಟ್ಟವನು ಆ ಫಾರೂಕನೇ. ಯಾರೋ ಗಿರಾಕಿ ಹಳೆಯದನ್ನು ಬಿಟ್ಟು ಹೊಸದು ಒಯ್ದಿದ್ದ. ಅದರಲ್ಲಿ ಒಂದೇ ಆಟ ಉಳಿದಿತ್ತು.

"ಯಾರ್ ಕೈಲೂ ಮುಗೀವಲ್ದು ಹಾಲೇಶಣ್ಣ. ಕಾಲೇಜ್ ಹುಡುಗ್ರು ಬಂದು ಬಂದು ಸೋತು ಹೋದ್ರು. ನೀರಿನ ಮನಷ್ಯಾ ನೀ, ಒಂದ್ ಕೈ ನೋಡು," ಎಂದಿದ್ದ.

ಚೆಂದವೇನೋ ಚೆಂದವೇ. ನಡುಮಧ್ಯಾಹ್ನ ಹಾಲೇಶ ಬಾಗಿಲು ಮುಂದೆ ಮಾಡಿ ಆಟ ಹಚ್ಚಿದರೆ ಬೇವೂರಿನ ಅವರ ಮನೆಯ ಸುಣ್ಣದ ಗೋಡೆಗಳ ಮೇಲೆಲ್ಲ ನೀಲಿ ಬೆಳಕು ಓಲಾಡುತ್ತಿತ್ತು. ಕುಂಕುಮದ ಬಣ್ಣದ ಪೊದೆಗಳು, ಮುಳುಗಿದ ಯಾವುದೋ ಊರಿನ ಕಂಬಗಳು, ಅವುಗಳ ಸುತ್ತ ಹಿಂಡುಗಟ್ಟಿ ತಿರುಗುವ ಬೆಳ್ಳಿ ಮೀನುಗಳು. ಹಾಲೇಶನ ತಾಯಿ ಫಕೀರವ್ವ ಗೋಡೆಗೆ ಒರಗಿ ಕೂತು ನೋಡುತ್ತಿದ್ದಳು.

"ಅದನ್ ನೋಡೋ, ಇಳಕಲ್ ಸೀರಿ ಉಟ್ಟಂಗ ಐತಿ ಮೀನಾ. ಸೆರಗು ಸೈತ ಐತಿ!"

"ಯವ್ವಾ, ಸುಮ್ನ ಕುಂದ್ರು. ಆಕಿದು ಉಸುರು ಮುಗ್ಯಾಕ ಬಂದೈತಿ."

"ಆಕಿದು ಮುಗದ್ರ ಮತ್ತ ಹುಟ್ಟಿ ಬರ್ತಾಳ. ನಿನ್ ಹೆಂಡ್ತಿ ಮಾರಿ ನೋಡು ಮೊದ್ಲ, ಆಕಿ ಸತ್ತುಗಿತ್ತಾಳು!"

ಶಿವಲೀಲಾ ಉಸಿರು ಬಿಟ್ಟು ನಗುತ್ತಿದ್ದಳು. ಆದರೆ ಆ ನಗೆ ಗವಿಯ ತನಕ ಮಾತ್ರ. ಕಂಬಗಳ ಊರು ದಾಟಿದ ಮೇಲೆ ಒಂದು ಗವಿ ಬರುತ್ತಿತ್ತು. ಬೆಳಕಿಲ್ಲ, ಮೀನಿಲ್ಲ, ಕಾಲಿಗೆ ಸುತ್ತಿಕೊಳ್ಳುವ ಕಪ್ಪು ಬಳ್ಳಿಗಳು ಮಾತ್ರ. ಪರದೆಯ ಮೂಲೆಯಲ್ಲಿ ಹುಡುಗಿಯ ಉಸಿರನ್ನು ತೋರಿಸುವ ಬಿಳಿ ಗೆರೆಯೊಂದಿತ್ತು. ಗವಿಯೊಳಗೆ ಅದು ಸವೆದು ಸವೆದು ಇಲ್ಲವಾಗುತ್ತಿತ್ತು. ಹುಡುಗಿ ಕೈಕಾಲು ಬಿಟ್ಟು ತೇಲುತ್ತಿದ್ದಳು. ಮೊದಲ ದಿನಗಳಲ್ಲಿ ಬಳ್ಳಿ ಕಾಲಿಗೆ ತಗುಲಿದ ಕೂಡಲೇ ಹಾಲೇಶ ಕೈಯಲ್ಲಿದ್ದ ಆಟದ ರಿಮೋಟನ್ನು ಎಸೆದು ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದ. ಅಂಗಿ ಬೆವರಿನಿಂದ ತೊಯ್ದಿರುತ್ತಿತ್ತು. ಆಮೇಲೆ ಎಸೆಯುವುದನ್ನು ಬಿಟ್ಟ. ಹಲ್ಲು ಕಚ್ಚಿ ಕೂತ. ಹುಡುಗಿ ಕಾಲು ಬಿಡಿಸಿಕೊಳ್ಳುವಾಗ ಚಾಪೆಯ ಮೇಲೆ ಅವನ ಹಿಮ್ಮಡಿಯೂ ಅಲುಗುತ್ತಿತ್ತು.

ಶಿವಲೀಲಾಳಿಗೆ ತಿಳಿಯಿತು. ಇವನು ಆಡುತ್ತಿಲ್ಲ. ಇವನು ಇಳಿಯುವುದನ್ನು ಮತ್ತೆ ಕಲಿಯುತ್ತಿದ್ದಾನೆ. ಗವಿ ದಾಟಿದ ದಿನ ಇವನ ಕಾಲು ಬಾವಿಯ ದಾರಿ ಹಿಡಿಯುತ್ತದೆ.

ಅಂದಿನಿಂದ ಅವಳು ಹುಡುಗಿ ಗವಿಗೆ ನುಗ್ಗಿದಾಗಲೆಲ್ಲ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು: ಸಾಯವ್ವಾ, ಇವತ್ತೊಂದಿನ ಸಾಯಿ. ಬೇಡಿಕೊಳ್ಳುತ್ತಲೇ ಬಾಯಿ ಮಾತ್ರ ಆ ಹುಡುಗಿಯ ಜೊತೆಗೇ ಬಿಗಿದಿರುತ್ತಿತ್ತು. ಮೊದಮೊದಲು ಗೆರೆ ಅರ್ಧ ಸವೆಯುವುದರೊಳಗೆ ಶಿವಲೀಲಾ ಏದುಸಿರು ಬಿಡುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಹುಡುಗಿಯೇ ಮೊದಲು ಸಾಯುತ್ತಿದ್ದಳು.

ಒಂದು ಮಧ್ಯಾಹ್ನ ಹುಡುಗಿ ಸಾಯಲಿಲ್ಲ. ಗವಿಯ ಆಚೆ ತುದಿಯಲ್ಲಿ ನೀರು ಒಮ್ಮೆಗೇ ಬಂಗಾರದ ಬಣ್ಣಕ್ಕೆ ತಿರುಗಿತು. ಫಕೀರವ್ವ "ಹೋ!" ಎಂದು ಚಪ್ಪಾಳೆ ತಟ್ಟಿದಳು. ಹಾಲೇಶ ಎದ್ದು ಹಿತ್ತಲಿಗೆ ಹೋಗಿ, ಬಕೀಟು ತುಂಬಿಸಿ, ಕಿವಿ ಮುಳುಗುವಷ್ಟು ತಲೆಯನ್ನು ಅದರೊಳಗೆ ಇಟ್ಟ. ಶಿವಲೀಲಾ ಕಿಟಕಿಯ ಸರಳು ಹಿಡಿದು, ಅವನು ತಲೆ ಎತ್ತುವ ತನಕ ನೋಡಿದಳು.

ಆ ವಾರವೇ ಪಕ್ಕದ ಹೊಲದ ಕಳಕಪ್ಪ ಬಂದ. ಡ್ರಮ್ಮುಗಳ ಮೇಲೆ ತೇಲಿಬಿಟ್ಟಿದ್ದ ಅವನ ಮೋಟರು ಹಗ್ಗ ಹರಿದು ಬಾವಿಯ ತಳ ಸೇರಿತ್ತು.

"ಕೊಪ್ಪಳದಿಂದ ಕ್ರೇನ್ ತರಸ್ಬೇಕಂದ್ರ ನಾಳಿ ನಾಡದು ಅಂತಾರ. ಮೆಣಸಿನ ಗಿಡ ಬಾಡಾಕ್ಹತ್ಯಾವು. ನೀ ಬಿಟ್ಟೀಯಂತ ಗೊತ್ತೈತಿ ತಮ್ಮಾ, ಸುಮ್ನ ಕೇಳಿದೆ."

"ಬರ್ತೀನಿ," ಎಂದ ಹಾಲೇಶ.

"ಹಗ್ಗ ಯಾರು ಹಿಡೀಬೇಕ್ರಿ?" ಶಿವಲೀಲಾ ಅಡುಗೆಮನೆಯಿಂದಲೇ ಕೇಳಿದಳು. "ನಮ್ಮಣ್ಣ ಗಂಗಾವತ್ಯಾಗ ಅದಾನ."

"ಕಳಕಪ್ಪಣ್ಣ ಅದಾನಲ್ಲ."

"ನಾನಾ?" ಕಳಕಪ್ಪ ಕೆಮ್ಮುತ್ತಲೇ ನಕ್ಕ. "ಬೀಡಿ ಸೇದಿ ಸೇದಿ ಎದಿ ಜಲ್ಲಡಿ ಆಗೈತಿ. ನೀ ನೀರ ಮುಟ್ಟೂದ್ರಾಗ ಎಳ್ದಬಿಡ್ತೀನಿ ನೋಡು."

ಶಿವಲೀಲಾ ಕೈ ಒರೆಸಿಕೊಂಡು ಹೊರಗೆ ಬಂದಳು. ಬೇಡವೆಂದರೆ ಕೇಳುವವನಲ್ಲ. ಹಾಗಿದ್ದರೆ ತನಗಿಂತ ಹೆಚ್ಚು ಹೆದರುವ ಕೈ ಈ ಊರಲ್ಲಿ ಯಾವುದಿದೆ? ಹೆದರಿದವರ ಉಸಿರು ಬೇಗ ಕಟ್ಟುತ್ತದೆ, ಬೇಗ ಎಳೆಯುತ್ತೇನೆ. ಅವಳ ಲೆಕ್ಕ ಅಷ್ಟೇ ಇತ್ತು.

"ನಾ ಹಿಡೀತೀನಿ," ಎಂದಳು.

ಮರುದಿನ ಬಿಸಿಲೇರುವ ಮುಂಚೆಯೇ ಹೋದರು. ಚೌಕ ಕಲ್ಲಿನ ಬಾವಿ. ಒಂದು ಮೂಲೆಯಲ್ಲಿ ಬೇವಿನ ಮರ ನೀರಿನ ಮೇಲೆ ಬಾಗಿತ್ತು. ಟೀವಿಯ ನೀರಿನಂತೆ ಇದರಲ್ಲಿ ಬಣ್ಣವಿರಲಿಲ್ಲ. ಹಸಿರುಗಟ್ಟಿ, ಮೇಲೆ ಎಲೆ ತೇಲುತ್ತ, ತನ್ನೊಳಗೆ ಏನಿದೆ ಎಂದು ಯಾರಿಗೂ ಹೇಳದ ನೀರು. ಕಳಕಪ್ಪನ ಹೆಂಡತಿ ಶೇಖರಮ್ಮ, ಹೊಲದಲ್ಲಿ ಕಳೆ ತೆಗೆಯಲು ಬಂದಿದ್ದ ಹೆಂಗಸರು ದಂಡೆಯ ಮೇಲೆ ನಿಂತಿದ್ದರು. ಹಾಲೇಶ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮೆಟ್ಟಿಲಿಳಿದ. ಕೊನೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತ. ಶಿವಲೀಲಾ ಅವನು ತಿರುಗಿ ಬರಲಿ ಎಂದು ಕಾದಳು. ಅವನು ಮುಳುಗಿದ.

ಮೊದಲ ಸಲ ತಾನೇ ಬೇಗ ಎದ್ದ. "ಐತಿ, ಮೂಲ್ಯಾಗ ಬಿದ್ದೈತಿ," ಎಂದ. ಮುಖದಲ್ಲಿ ಹಳೆಯ ಕಳೆ ಬಂದಿತ್ತು. ಮತ್ತೆ ಮುಳುಗಿದ.

ದಂಡೆಯ ಮೇಲಿದ್ದವರೆಲ್ಲ ಬಾಯಿ ಮುಚ್ಚಿ ಉಸಿರು ಬಿಗಿಹಿಡಿದರು. ಯಾರೂ ಹೇಳದಿದ್ದರೂ ಅಲ್ಲಿ ಹಾಗೇ ಆಗುತ್ತದೆ. ಹಗ್ಗ ಶಿವಲೀಲಾಳ ಅಂಗೈಯಿಂದ ಮೆಲ್ಲಗೆ ಜಾರುತ್ತ ಹೋಗಿ ನಿಂತಿತು. ಗುಳ್ಳೆಗಳು ಬಂದವು. ಕಳಕಪ್ಪ ಖೊಳ್ಳೆಂದು ಕೆಮ್ಮಿ ಬಾಯಿ ಬಿಟ್ಟ. ಅವನದು ಬಿಡು, ಬೀಡಿಯ ಎದೆ. ಗುಳ್ಳೆಗಳು ಕಡಿಮೆಯಾದವು. ಕಳೆಯ ಹೆಂಗಸರಲ್ಲಿ ಒಬ್ಬಳು ಉಸಿರು ಬಿಟ್ಟಳು, ಇನ್ನೊಬ್ಬಳು ಬಿಟ್ಟಳು. ಶಿವಲೀಲಾಳ ಎದೆ ಇನ್ನೂ ಉರಿಯದೆ ತಣ್ಣಗಿತ್ತು. ಹೆದರಿಕೆಗೆ ಹೊತ್ತು ಉದ್ದವಾಗಿ ಕಾಣುತ್ತದೆ, ಅವಸರ ಮಾಡಬಾರದು ಎಂದುಕೊಂಡಳು. ಮೋಟರಿಗೆ ಗಂಟು ಹಾಕುತ್ತಿರಬೇಕು. ಪಕ್ಕದಲ್ಲಿ ಶೇಖರಮ್ಮ ಹಾ ಎಂದು ಗಾಳಿ ಎಳೆದುಕೊಂಡು, ಅವಳ ಮುಖ ನೋಡಿದಳು.

"ಯಾಕವಾ... ನಿಂದಿನ್ನೂ ಐತೇನು?"

ಗುಳ್ಳೆಗಳು ನಿಂತಿದ್ದವು.

ಆಗ ಅವಳಿಗೆ ಹೊಳೆಯಿತು. ಮುಳುಗುವವನಿಗೆ ಹಗ್ಗ ಕೊಡಬಾರದು ಎಂದದ್ದು ಹೊಟ್ಟೆಕಿಚ್ಚಿಗಲ್ಲ. ಅವನ ಉಸಿರು ಉದ್ದ. ಅದು ಕಟ್ಟುವ ಹೊತ್ತಿಗೆ ಕೆಳಗಿನವನದು ಮುಗಿದಿರುತ್ತದೆ. ಆ ಮಾತು ಈಗ ತನಗೇ ತಾಗುತ್ತಿತ್ತು. ಆಷಾಢದಿಂದ ದಿನಾ ಮಧ್ಯಾಹ್ನ ಮೊರದ ಮುಂದೆ ಕೂತು ಅವಳು ಮುಳುಗಿದ್ದಳು. ವರ್ಷದಿಂದ ನೀರು ಮುಟ್ಟದೆ ಬರಿ ಬೆರಳಾಡಿಸಿದವನು ಹಾಲೇಶ.

"ಎಳೀರೋ!" ಎಂದು ಚೀರಿದಳು. ಎದೆ ತುಂಬ ಇನ್ನೂ ಗಾಳಿ ಇದ್ದುದರಿಂದ ಆ ಚೀರು ಇಡೀ ಹೊಲಕ್ಕೆ ಕೇಳಿಸಿತು.

ಹಗ್ಗ ಭಾರವಾಗಿತ್ತು. ಎಲ್ಲರೂ ಕೈ ಹಚ್ಚಿದರು. ನೀರಿನಿಂದ ಮೊದಲು ಅವನ ಬೆನ್ನು ಕಾಣಿಸಿತು, ತಲೆ ಕಾಣಿಸಲಿಲ್ಲ. ಕಳಕಪ್ಪ ಮೆಟ್ಟಿಲಿಳಿದು ಕೂದಲಿಗೆ ಕೈ ಹಾಕಿ ಎತ್ತಿದ. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಲ್ಲಿನ ಮೇಲೆ ಬೋರಲು ಹಾಕಿ ಬೆನ್ನಿಗೆ ಗುದ್ದಿದರು. ಏನೂ ಆಗಲಿಲ್ಲ. ಮತ್ತೆ ಗುದ್ದಿದರು. ಕೊನೆಗೆ ಬಾಯಿಂದ ಹಸಿರು ನೀರು ಬಂತು, ಆಮೇಲೆ ಕೆಮ್ಮು ಬಂತು.

ಬಹಳ ಹೊತ್ತಿನ ಮೇಲೆ ಅವನು ಕಣ್ಣು ತೆರೆದು ಹೆಂಡತಿಯನ್ನು ಹುಡುಕಿದ. ಬೈಯುತ್ತಾನೆ ಎಂದುಕೊಂಡಳು.

"ಕೈಗೆ ಸಿಕ್ಕಿತ್ತು ಮೋಟರಾ," ಎಂದ. ದನಿ ಹರಿದಿತ್ತು. "ಎದಿ ಸುಡಾಕ್ಹತ್ತಿತ್ತು. ನೀ ಎಳೀಲಿಲ್ಲ. ಹಂಗಾದ್ರ ಇನ್ನೂ ಹೊತ್ತೈತಿ ಅಂತ ತಿಳ್ಕೊಂಡೆ."

ಶಿವಲೀಲಾ ಅಲ್ಲೇ ಕಲ್ಲಿನ ಮೇಲೆ ಕೂತಳು. ಎಲ್ಲರೆದುರೇ, ಟೀವಿಯ ಮುಂದೆ ತನ್ನ ಉಸಿರು ಬೆಳೆದ ಸಂಗತಿಯನ್ನು ಹೇಳಿದಳು. ಯಾರೂ ನಗಲಿಲ್ಲ. ಕಳೆಯ ಹೆಂಗಸರು ಅವಳಿಂದ ತುಸು ದೂರ ಸರಿದರು.

ಎರಡು ದಿನ ಬಿಟ್ಟರೂ ಕ್ರೇನ್ ಬರಲಿಲ್ಲ, ಹಾಲೇಶ ಮತ್ತೆ ಹೊರಟ. "ಈಗ ಇಳೀಲಿಲ್ಲಂದ್ರ ಮತ್ತ್ಯಾವತ್ತೂ ಇಳ್ಯಾಂಗಿಲ್ಲ ನಾ," ಎಂದ. ಬೇಡ ಎನ್ನುವ ಬಾಯಿ ಶಿವಲೀಲಾಳಿಗೆ ಉಳಿದಿರಲಿಲ್ಲ. ಬಾವಿಯ ದಂಡೆಗೆ ಹೋಗಿ ಹಗ್ಗದ ತುದಿಯನ್ನು ಕಳಕಪ್ಪನ ಕೈಗೆ ಸುತ್ತಿದಳು.

"ಯಣ್ಣಾ, ನೀವ ಹಿಡೀರಿ. ನಿಮ್ಮ ಉಸುರು ಸಣ್ಣದೈತಿ."

"ಇದೇನು ಹೊಗಳಿಕಿನೋ ಬೈಗುಳಾನೋ?" ಎಂದ ಕಳಕಪ್ಪ. ಆದರೂ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ.

ಹಾಲೇಶ ಮುಳುಗಿದ. ಕಲಕಿದ ನೀರು ನಿಲ್ಲುವುದರೊಳಗೆ ಕಳಕಪ್ಪ ಕೆಮ್ಮಿ ಎಳೆದೇಬಿಟ್ಟ. ಹಾಲೇಶ ಮೇಲೆದ್ದು ಮುಖ ಒರೆಸಿಕೊಂಡು ಕೂಗಾಡಿದ: "ಯಣ್ಣಾ, ತಳ ಸೈತ ಮುಟ್ಟಿಲ್ಲಲ್ಲೋ! ಮೋಟರ ಬೇಕೋ ಬ್ಯಾಡೋ ನಿನಗ?"

"ನನಗ ಉಸುರು ಬೇಕಪ್ಪಾ!"

ಹೊತ್ತು ಏರಿತು. ಮತ್ತೆ ಮತ್ತೆ ಅದೇ ಆಯಿತು. ಆ ಬೈಗುಳ ಕೇಳಿದಾಗಲೆಲ್ಲ ಶಿವಲೀಲಾಳಿಗೆ ಜೀವ ಬಂದಂತಾಗುತ್ತಿತ್ತು. ಆದರೆ ಅವನ ತಲೆ ನೀರೊಳಗೆ ಹೋದ ಕೂಡಲೇ ಅವಳ ಬಾಯಿ ಮತ್ತೆ ತಾನಾಗಿ ಬಿಗಿಯುತ್ತಿತ್ತು. ಆ ಬಿಗಿತಕ್ಕೇ ಈಗ ಅವಳು ನೀರಿಗಿಂತ ಹೆಚ್ಚು ಹೆದರುತ್ತಿದ್ದಳು. ಬಾವಿಗೆ ಬೆನ್ನು ಮಾಡಿ ಶೇಖರಮ್ಮನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಅಕ್ಕಾ, ಏನರ ಕೇಳ್ರಿ ನನ್ನ. ಮಾತಾಡಸ್ರಿ."

"ಏನ್ ಕೇಳ್ಲೇ ತಂಗಿ?"

"ಏನರ ಕೇಳ್ರಿ."

ಹಿಂದೆ ನೀರು ಕಲಕಿದ ಸದ್ದಾಯಿತು. ಅವನು ಮತ್ತೆ ಇಳಿದಿದ್ದ.

"ಮನ್ಯಾಗ ಏನ್ ಅಡಗಿ ಮಾಡಿ ಬಂದಿ?" ಶೇಖರಮ್ಮ ಕೇಳಿದಳು.

"ಸಜ್ಜಿ ರೊಟ್ಟಿ," ಎಂದಳು ಶಿವಲೀಲಾ, ದನಿ ಏರಿಸಿ, "ಪುಂಡಿಪಲ್ಯ. ಶೇಂಗಾ ಹಿಂಡಿ..." ಒಂದೊಂದು ಹೆಸರಿಗೂ ಬಾಯಿ ಅಗಲವಾಗಿ ತೆರೆಯುತ್ತ, ಕಳಕಪ್ಪನ ಕೆಮ್ಮಿಗೆ ಕಿವಿಗೊಟ್ಟು ನಿಂತಳು.